ಹೊಸೂರು-ಕೃಷ್ಣಗಿರಿ ಸೀಮೆಯಲ್ಲಿ ಸಮಗ್ರ ಕೀಟ ನಿರ್ವಹಣೆ: ವಿಷ ಕೊನೆಯ ಅಸ್ತ್ರವಾಗಲಿ

ಹೊಸೂರು: ಒಂದು ಕಡೆ ಟೊಮೇಟೊ, ಪಕ್ಕದಲ್ಲೇ ಹಿಪ್ಪುನೇರಳೆ, ಬದುವಿನಾಚೆ ಮಾವಿನ ತೋಪು, ಸ್ವಲ್ಪ ದೂರದಲ್ಲಿ ಗುಲಾಬಿಯ ಪಾಲಿಹೌಸ್. ಹೊಸೂರು, ಬಾಗಲೂರು, ಬೇರಿಕೆ, ತಳಿ, ಕೆಲಮಂಗಲ, ಡೆಂಕಣಿಕೋಟೆ, ರಾಯಕೋಟೆ ಸುತ್ತಮುತ್ತ ಇದು ದಿನನಿತ್ಯ ಕಾಣುವ ನೋಟ. ಸಣ್ಣ ಹಿಡುವಳಿಗಳಲ್ಲಿ ಹಲವು ಬೆಳೆಗಳು ಒತ್ತೊತ್ತಾಗಿರುವ ಈ ಸೀಮೆಯಲ್ಲಿ ಒಬ್ಬ ರೈತ ಹೊಡೆದ ಕೀಟನಾಶಕ ಅವನ ಹೊಲದಲ್ಲೇ ನಿಲ್ಲುವುದಿಲ್ಲ. ಟೊಮೇಟೊಗೆ ಹೊಡೆದ ಔಷಧ ಗಾಳಿಯಲ್ಲಿ ತೇಲಿ ಪಕ್ಕದವರ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ, ಆ ಸೊಪ್ಪು ತಿಂದ ರೇಷ್ಮೆ ಹುಳುಗಳು ತಟ್ಟೆಯಲ್ಲೇ ಸಾಯುತ್ತವೆ. ತಿಂಗಳ ದುಡಿಮೆ ಒಂದು ರಾತ್ರಿಯಲ್ಲಿ ಹೋಗುತ್ತದೆ.

ಆದ್ದರಿಂದ ಕೀಟಗಳನ್ನು ಹದ್ದುಬಸ್ತಿನಲ್ಲಿಡುವ, ಆದರೆ ನೆಲ, ನೀರು, ಜನ, ಜಾನುವಾರುಗಳಿಗೆ ಕೇಡು ಮಾಡದ 'ಸಮಗ್ರ ಕೀಟ ನಿರ್ವಹಣೆ' ಈ ಭಾಗದ ರೈತರಿಗೆ ಕೇವಲ ಪುಸ್ತಕದ ಮಾತಲ್ಲ. ಅದು ಹೊಟ್ಟೆಪಾಡಿನ ಪ್ರಶ್ನೆ.

ಏನಿದು ಸಮಗ್ರ ಕೀಟ ನಿರ್ವಹಣೆ?

ಎರಡನೇ ಮಹಾಯುದ್ಧದ ನಂತರ ಡಿಡಿಟಿ ಮತ್ತು ಅದರ ಬಳಗದ ರಾಸಾಯನಿಕಗಳು ಕೃಷಿಗೆ ಬಂದಾಗ ಕೀಟಗಳ ಕಾಟ ಮುಗಿಯಿತೆಂದೇ ಜಗತ್ತು ಭಾವಿಸಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಕೀಟಗಳು ವಿಷಕ್ಕೆ ಒಗ್ಗಿಕೊಂಡವು. ಅವುಗಳನ್ನು ತಿಂದು ಬದುಕುತ್ತಿದ್ದ ಮಿತ್ರ ಕೀಟಗಳು ಮಾತ್ರ ಸತ್ತವು. 1959ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ನಾಲ್ವರು ಕೀಟ ವಿಜ್ಞಾನಿಗಳು ಒಂದು ಸರಳ ವಿಚಾರವನ್ನು ಮುಂದಿಟ್ಟರು. ಹೊಲದಲ್ಲಿ ಕೀಟ ಕಂಡ ಕೂಡಲೇ ವಿಷ ಹೊಡೆಯಬೇಕಾಗಿಲ್ಲ. ಕೀಟದಿಂದಾಗುವ ನಷ್ಟ ಔಷಧದ ಖರ್ಚಿಗಿಂತ ಹೆಚ್ಚಾಗುವ ಹಂತ ತಲುಪುವಂತಿದ್ದರೆ ಮಾತ್ರ ಹೊಡೆಯಬೇಕು ಎಂಬುದೇ ಆ ವಿಚಾರ. ಇದನ್ನೇ 'ಆರ್ಥಿಕ ನಷ್ಟದ ಮಟ್ಟ' ಎನ್ನುತ್ತಾರೆ.

ಭಾರತ ಸರ್ಕಾರ 1985ರಲ್ಲಿ ಸಮಗ್ರ ಕೀಟ ನಿರ್ವಹಣೆಯನ್ನು ಸಸ್ಯ ಸಂರಕ್ಷಣೆಯ ಮುಖ್ಯ ನೀತಿಯಾಗಿ ಒಪ್ಪಿಕೊಂಡಿತು. ಈ ಪದ್ಧತಿಯಲ್ಲಿ ನಾಲ್ಕು ಮೆಟ್ಟಿಲುಗಳಿವೆ.

* ಬೇಸಾಯ ಕ್ರಮ: ಬೆಳೆ ಬದಲಾವಣೆ, ಮಿಶ್ರ ಬೆಳೆ, ಮಾಗಿ ಉಳುಮೆ, ಬೆಳೆ ಉಳಿಕೆ ನಾಶ.
* ಯಾಂತ್ರಿಕ ಕ್ರಮ: ಮೋಹಕ ಬಲೆ, ಅಂಟು ಹಾಳೆ, ಹುಳು ಆರಿಸಿ ತೆಗೆಯುವುದು, ಬಿದ್ದ ಹಣ್ಣು ಹೂಳುವುದು.
* ಜೈವಿಕ ಕ್ರಮ: ಕೀಟಗಳನ್ನು ತಿನ್ನುವ ಅಥವಾ ಅವುಗಳ ಒಳಗೆ ಬೆಳೆದು ಕೊಲ್ಲುವ ಮಿತ್ರ ಕೀಟ, ಶಿಲೀಂಧ್ರ, ನಂಜಾಣುಗಳ ಬಳಕೆ.
* ರಾಸಾಯನಿಕ ಕ್ರಮ: ಮೇಲಿನ ಮೂರೂ ಸಾಲದಾದಾಗ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಹೊತ್ತು.

ಮೆಟ್ಟಿಲುಗಳನ್ನು ಇದೇ ಕ್ರಮದಲ್ಲಿ ಹತ್ತಬೇಕು. ಆದರೆ ಬಹಳಷ್ಟು ಕಡೆ ನಾಲ್ಕನೆಯದೇ ಮೊದಲನೆಯದಾಗಿದೆ.

ನೇರಳಗಿರಿಯ ಪಾಠ

2020ರ ಮೇ ಕೊನೆಯಲ್ಲಿ ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಮರುಭೂಮಿ ಮಿಡತೆಗಳ ಹಾವಳಿ ಸುದ್ದಿಯಾಗಿದ್ದಾಗಲೇ ಕೃಷ್ಣಗಿರಿ ಜಿಲ್ಲೆಯ ವೇಪ್ಪನಹಳ್ಳಿ ಬಳಿಯ ನೇರಳಗಿರಿಯಲ್ಲೂ ಮಿಡತೆ ಬಂದಿದೆ ಎಂಬ ಗುಲ್ಲೆದ್ದಿತು. ಎಕ್ಕದ ಗಿಡಗಳ ಮೇಲೆ ಮಿಡತೆಗಳು ಗುಂಪುಗುಂಪಾಗಿ ಕೂತಿದ್ದು ಜನರನ್ನು ಗಾಬರಿಗೊಳಿಸಿತ್ತು. ಅಧಿಕಾರಿಗಳು ಪರಿಶೀಲಿಸಿದಾಗ ಅದು ಮರುಭೂಮಿ ಮಿಡತೆಯಲ್ಲ, ಇಲ್ಲಿಯದೇ ಮಿಡತೆ ಎಂದು ತಿಳಿಯಿತು. ಎಕ್ಕದ ಮಿಡತೆ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇರುವ ಕೀಟ. ಎಕ್ಕದ ಎಲೆಯೇ ಅದಕ್ಕೆ ಮುಖ್ಯ ಆಹಾರ. ಮರುಭೂಮಿ ಮಿಡತೆಯಂತೆ ಅದು ದೇಶದಿಂದ ದೇಶಕ್ಕೆ ದಂಡು ಕಟ್ಟಿ ಹಾರುವುದಿಲ್ಲ.

ಸಮಗ್ರ ನಿರ್ವಹಣೆಯ ಮೊದಲ ಪಾಠ ಇದೇ: ಮೊದಲು ಗುರುತಿಸು, ನಂತರ ಕೈ ಎತ್ತು. ಹೊಲದಲ್ಲಿ ಕಾಣುವ ಹುಳುಗಳೆಲ್ಲ ಶತ್ರುಗಳಲ್ಲ. ಗುಲಗಂಜಿ ಹುಳು, ಜೇಡ, ಏರೋಪ್ಲೇನ್ ಚಿಟ್ಟೆ, ಕಣಜ ಇವೆಲ್ಲ ರೈತನ ಪರವಾಗಿ ಕೂಲಿಯಿಲ್ಲದೆ ದುಡಿಯುವ ಜೀವಿಗಳು. ಎಲ್ಲದರ ಮೇಲೂ ವಿಷ ಸುರಿಯುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಹಿಪ್ಪುನೇರಳೆಯನ್ನು ಉಳಿಸಿದ ಕಣಜ

ಔಷಧ ಹೊಡೆಯಲಾಗದ ಬೆಳೆಗೆ ರೋಗ ಬಂದರೆ ಏನು ಮಾಡುವುದು? ಈ ಪ್ರಶ್ನೆ 2008ರ ನಂತರ ತಮಿಳುನಾಡಿನ ರೇಷ್ಮೆ ಬೆಳೆಗಾರರನ್ನು ಕಾಡಿತು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ ಪಪ್ಪಾಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪಪ್ಪಾಯ, ಹಿಪ್ಪುನೇರಳೆ, ಮರಗೆಣಸು ಸೇರಿದಂತೆ ಹತ್ತಾರು ಬೆಳೆಗಳಿಗೆ ಹರಡಿತು. ಮೈಮೇಲೆ ಮೇಣದಂಥ ಬಿಳಿ ಹಿಟ್ಟು ಇರುವುದರಿಂದ ಔಷಧ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ತಾಗುವಷ್ಟು ಹೊಡೆದರೆ ಆ ಸೊಪ್ಪು ರೇಷ್ಮೆ ಹುಳುವಿಗೆ ಹಾಕುವಂತಿಲ್ಲ. ಎಷ್ಟೋ ಕಡೆ ರೈತರು ಹಿಪ್ಪುನೇರಳೆ ತೋಟಗಳನ್ನೇ ಕಿತ್ತುಹಾಕಿದರು.

ಪರಿಹಾರ ಬಂದದ್ದು ಹೊಸೂರಿಗೆ ಕೂಗಳತೆಯಲ್ಲಿರುವ ಬೆಂಗಳೂರಿನ ಹೆಬ್ಬಾಳದಿಂದ. ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದು ಕರೆಯಲಾಗುವ ಅಲ್ಲಿನ ಸಂಸ್ಥೆ, 2010ರಲ್ಲಿ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊರಿಕೊ ದ್ವೀಪದಿಂದ ಮೂರು ಜಾತಿಯ ಪುಟ್ಟ ಕಣಜಗಳನ್ನು ತರಿಸಿತು. ಇವು ಕುಟುಕುವ ಕಣಜಗಳಲ್ಲ, ಕಣ್ಣಿಗೆ ಕಾಣುವುದೇ ಕಷ್ಟ. ಹಿಟ್ಟು ತಿಗಣೆಯ ದೇಹದೊಳಗೆ ಮೊಟ್ಟೆ ಇಡುತ್ತವೆ. ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಮುಗಿಸಿ ಹೊರಬರುತ್ತದೆ. ಕ್ವಾರಂಟೈನಿನಲ್ಲಿಟ್ಟು, ರೇಷ್ಮೆ ಹುಳು ಮೊದಲಾದವುಗಳಿಗೆ ತೊಂದರೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆಗಳ ಮೂಲಕ ಅವನ್ನು ಬಿಡುಗಡೆ ಮಾಡಲಾಯಿತು. ಮೂರರಲ್ಲಿ 'ಅಸಿರೊಫೇಗಸ್ ಪಪಾಯೆ' ಎಂಬುದು ಚೆನ್ನಾಗಿ ನೆಲೆಯೂರಿತು. ತಿಂಗಳುಗಳ ಅಂತರದಲ್ಲಿ ತಿಗಣೆ ಹತೋಟಿಗೆ ಬಂತು. ಒಮ್ಮೆ ನೆಲೆಯೂರಿದ ಕಣಜ ತನ್ನಷ್ಟಕ್ಕೆ ತಾನೇ ಹರಡುತ್ತದೆ, ಪ್ರತಿವರ್ಷ ಕೊಳ್ಳಬೇಕಾಗಿಲ್ಲ.

ಇದೇ ಕಥೆ ಮರಗೆಣಸಿನಲ್ಲೂ ನಡೆಯಿತು. 2020ರಲ್ಲಿ ಭಾರತಕ್ಕೆ ಬಂದ ಮರಗೆಣಸಿನ ಹಿಟ್ಟು ತಿಗಣೆಗೆ ಆಫ್ರಿಕಾದ ಬೆನಿನ್ ದೇಶದಿಂದ 2021ರಲ್ಲಿ ಇನ್ನೊಂದು ಕಣಜವನ್ನು ಹೆಬ್ಬಾಳದ ಬ್ಯೂರೋ ತರಿಸಿಕೊಂಡಿತು. 2022ರಲ್ಲಿ ಸೇಲಂ ಜಿಲ್ಲೆಯ ಏತಾಪುರದಲ್ಲಿ ಅದರ ಬಿಡುಗಡೆ ಆರಂಭವಾಯಿತು.

ಊಜಿ ನೊಣಕ್ಕೂ ಇದೇ ಮದ್ದು

ರೇಷ್ಮೆ ಸಾಕುವವರಿಗೆ ಊಜಿ ನೊಣ ಹಳೆಯ ಶತ್ರು. 1980ರಲ್ಲಿ ಪಶ್ಚಿಮ ಬಂಗಾಳದಿಂದ ಸಾಗಿಸಿದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದ ಈ ನೊಣ ನಂತರ ಗಡಿ ದಾಟಿ ತಮಿಳುನಾಡಿಗೂ ಹರಡಿತು. ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಗೂಡು ಕಟ್ಟಿದ ಮೇಲೆ ಅದನ್ನು ತೂತು ಮಾಡಿ ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ.

ಸಾಕಣೆ ಮನೆಯಲ್ಲಿ ವಿಷ ಬಳಸುವಂತಿಲ್ಲ. ಕಿಟಕಿ ಬಾಗಿಲಿಗೆ ನೈಲಾನ್ ಪರದೆ, ಬಾಗಿಲ ಮುಂದೆ ಪುಟ್ಟ ಮುಂಕೋಣೆ, ನೆಲದ ಬಿರುಕುಗಳಲ್ಲಿ ಅಡಗಿದ ಊಜಿ ಮರಿ ಮತ್ತು ಕೋಶಗಳನ್ನು ಆರಿಸಿ ನಾಶ ಮಾಡುವುದು, ಜೊತೆಗೆ ಊಜಿಯ ಕೋಶದೊಳಗೆ ಬೆಳೆಯುವ 'ನೆಸೊಲಿಂಕ್ಸ್ ಥೈಮಸ್' ಎಂಬ ಕಣಜವನ್ನು ಬಿಡುವುದು ಇದಕ್ಕಿರುವ ದಾರಿ. ಇವುಗಳಲ್ಲಿ ಯಾವುದೊಂದೂ ಪೂರ್ಣ ಪರಿಹಾರವಲ್ಲ. ನಾಲ್ಕೂ ಸೇರಿದಾಗ ಊಜಿ ಹದ್ದುಬಸ್ತಿಗೆ ಬರುತ್ತದೆ. ಸಮಗ್ರ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮಾವು: ಬಿದ್ದ ಹಣ್ಣೇ ಮುಂದಿನ ಕಂಟಕ

2004ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ರೂಪುಗೊಂಡ ಕೃಷ್ಣಗಿರಿ ಜಿಲ್ಲೆಗೆ ಮಾವೇ ಗುರುತು. ತೋತಾಪುರಿ ಇಲ್ಲಿ 'ಬೆಂಗಳೂರಾ' ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಅದನ್ನು ನೆಚ್ಚಿಕೊಂಡ ತಿರುಳಿನ ಕಾರ್ಖಾನೆಗಳು ಜಿಲ್ಲೆಯಲ್ಲಿವೆ. ಮಾವಿಗೆ ಹೂವಿನ ಕಾಲದಲ್ಲಿ ಜಿಗಿಹುಳು, ಕಾಯಿಗೆ ವಾಟೆ ಕೊರಕ, ಹಣ್ಣಿಗೆ ಹಣ್ಣು ನೊಣ ಮುಖ್ಯ ಕಾಟ.

ಹಣ್ಣು ನೊಣ ಬಲಿತ ಕಾಯಿಯನ್ನು ಚುಚ್ಚಿ ಸಿಪ್ಪೆಯಡಿ ಮೊಟ್ಟೆ ಇಡುತ್ತದೆ. ಹೊರಗೆ ಚೆನ್ನಾಗಿ ಕಂಡ ಹಣ್ಣು ಕೊಯ್ದಾಗ ಒಳಗೆ ಹುಳು. 2014ರ ಮೇ 1ರಿಂದ ಯುರೋಪಿಯನ್ ಒಕ್ಕೂಟ ಭಾರತದ ಮಾವನ್ನು ನಿಷೇಧಿಸಿದ್ದು ಇದೇ ನೊಣದ ಕಾರಣಕ್ಕೆ. ಹಣ್ಣನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷ ಇಡುವುದೂ ಸೇರಿದಂತೆ ಕ್ರಮಗಳನ್ನು ಬಿಗಿಗೊಳಿಸಿದ ಮೇಲೆ 2015ರಲ್ಲಿ ನಿಷೇಧ ತೆರವಾಯಿತು.

ತೋಪಿನಲ್ಲಿ ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಉದುರಿದ ಹಣ್ಣುಗಳನ್ನು ದಿನವೂ ಆಯ್ದು ಆಳವಾದ ಗುಂಡಿಯಲ್ಲಿ ಹೂಳಬೇಕು. ಮರದ ಬುಡದ ಮಣ್ಣು ಕೆದಕಿದರೆ ಒಳಗಿರುವ ಕೋಶಗಳು ಬಿಸಿಲಿಗೆ, ಹಕ್ಕಿಗಳಿಗೆ ಸಿಗುತ್ತವೆ. ಮೀಥೈಲ್ ಯೂಜಿನಾಲ್ ಬಲೆಗಳನ್ನು ಎಕರೆಗೆ ಸುಮಾರು 10ರಂತೆ ಕಟ್ಟಿದರೆ ಗಂಡು ನೊಣಗಳು ಬಂದು ಬೀಳುತ್ತವೆ. ಹೆಣ್ಣು ಬಲೆಗೆ ಬರುವುದಿಲ್ಲ. ಗಂಡು ಕಡಿಮೆಯಾದಂತೆ ಫಲವತ್ತಾದ ಮೊಟ್ಟೆಗಳು ಕಡಿಮೆಯಾಗುತ್ತವೆ. ಒಂದು ತೋಪಿನಲ್ಲಿ ಮಾತ್ರ ಬಲೆ ಕಟ್ಟಿದರೆ ಲಾಭ ಅಷ್ಟಕ್ಕಷ್ಟೆ. ಸುತ್ತಲಿನ ತೋಪಿನವರೂ ಒಟ್ಟಾಗಿ ಕಟ್ಟಬೇಕು.

ವಾಟೆ ಕೊರಕ ಗೋಲಿ ಗಾತ್ರದ ಕಾಯಿ ಇರುವಾಗಲೇ ಮೊಟ್ಟೆ ಇಟ್ಟು ವಾಟೆಯೊಳಗೆ ಬೆಳೆಯುತ್ತದೆ. ಉಳಿದ ಕಾಲದಲ್ಲಿ ತೊಗಟೆಯ ಬಿರುಕುಗಳಲ್ಲಿ ಅಡಗಿರುತ್ತದೆ. ಇದಕ್ಕೂ ಉದುರಿದ ಕಾಯಿ ಮತ್ತು ವಾಟೆಗಳ ನಾಶವೇ ಮೊದಲ ಮದ್ದು. ಜಿಗಿಹುಳುವಿಗೆ ಒತ್ತಾದ ನೆರಳಿನ ತೋಪು ಇಷ್ಟ. ಕೊಂಬೆ ಸವರಿ ಗಾಳಿ ಬೆಳಕು ಬಿಡುವುದು ಅರ್ಧ ಕೆಲಸ ಮುಗಿಸುತ್ತದೆ. ಹೂವು ಪೂರ್ತಿ ಅರಳಿದಾಗ ಔಷಧ ಹೊಡೆದರೆ ಪರಾಗಸ್ಪರ್ಶ ಮಾಡುವ ನೊಣ, ಜೇನುಗಳು ಸತ್ತು ಕಾಯಿ ಕಚ್ಚುವುದೇ ಕಡಿಮೆಯಾಗುತ್ತದೆ.

ಎಲೆಕೋಸಿಗೆ ಸಾಸಿವೆ, ಟೊಮೇಟೊಗೆ ಚೆಂಡು ಹೂ

ತರಕಾರಿಯಲ್ಲಿ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಎರಡು ವಿಧಾನಗಳು ಈ ಸೀಮೆಗೆ ಹೇಳಿ ಮಾಡಿಸಿದಂತಿವೆ.

ಎಲೆಕೋಸಿನ ಎಲೆಯನ್ನು ಜರಡಿ ಮಾಡುವ ಡೈಮಂಡ್ ಬ್ಯಾಕ್ ಪತಂಗಕ್ಕೆ ಕೋಸಿಗಿಂತ ಸಾಸಿವೆ ಇಷ್ಟ. ಕೋಸಿನ ಪ್ರತಿ 25 ಸಾಲಿಗೆ ಎರಡು ಸಾಲು ಸಾಸಿವೆ ಹಾಕಬೇಕು. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಹೊಲದ ಮೊದಲ ಮತ್ತು ಕೊನೆಯ ಸಾಲು ಸಾಸಿವೆಯದ್ದೇ ಆಗಿರಬೇಕು. ಪತಂಗ ಸಾಸಿವೆಯಲ್ಲಿ ಮೊಟ್ಟೆ ಇಡುತ್ತದೆ. ಔಷಧ ಬೇಕಾದರೆ ಆ ಸಾಲಿಗೆ ಮಾತ್ರ ಹೊಡೆದರೆ ಸಾಕು. ಕೋಸಿಗೆ ಬೇವಿನ ಬೀಜದ ಕಷಾಯ.

ಟೊಮೇಟೊದಲ್ಲಿ ಕಾಯಿ ಕೊರಕಕ್ಕೆ ಚೆಂಡು ಹೂವೇ ಬಲೆ. 16 ಸಾಲು ಟೊಮೇಟೊಗೆ ಒಂದು ಸಾಲು ಎತ್ತರದ ಆಫ್ರಿಕನ್ ಚೆಂಡು ಹೂ ನೆಡಬೇಕು. ಟೊಮೇಟೊ ಸಸಿ 25 ದಿನದ್ದಿದ್ದರೆ ಚೆಂಡು ಹೂವಿನ ಸಸಿ 40 ದಿನ ದಾಟಿರಬೇಕು. ಆಗ ಎರಡೂ ಒಂದೇ ಹೊತ್ತಿಗೆ ಹೂ ಬಿಡುತ್ತವೆ, ಪತಂಗ ಚೆಂಡು ಹೂವಿಗೆ ಹೋಗುತ್ತದೆ. ವಯಸ್ಸಿನ ಈ ಲೆಕ್ಕ ತಪ್ಪಿದರೆ ವಿಧಾನವೇ ಕೆಲಸ ಮಾಡುವುದಿಲ್ಲ. ಹೂವು ಮಾರುಕಟ್ಟೆಯಲ್ಲಿ ನಾಲ್ಕು ಕಾಸನ್ನೂ ತರುತ್ತದೆ.

ಬಿಳಿ ನೊಣದಿಂದ ಹರಡುವ ಎಲೆ ಮುಟುರು ರೋಗಕ್ಕೆ ಸಸಿಮಡಿಯಲ್ಲೇ ನೈಲಾನ್ ಪರದೆ ಕಟ್ಟುವುದು ಅಗತ್ಯ. ಗಿಡಕ್ಕೆ ನಂಜು ತಗುಲಿದ ಮೇಲೆ ಯಾವ ಔಷಧವೂ ಅದನ್ನು ಗುಣಪಡಿಸದು. ಭಾರತದಲ್ಲಿ 2014ರಲ್ಲಿ ಮೊದಲು ಕಂಡುಬಂದ ಟ್ಯೂಟಾ ಎಂಬ ಎಲೆ ಸುರಂಗ ಹುಳುವಿಗೆ ಮೋಹಕ ಬಲೆ ಕಟ್ಟುವುದು, ಹುಳು ಬಿದ್ದ ಎಲೆ ಕಿತ್ತು ಸುಡುವುದು ಮತ್ತು ಕಟಾವಾದ ಹೊಲದಲ್ಲಿ ಗಿಡಗಳನ್ನು ಹಾಗೇ ಒಣಗಲು ಬಿಡದಿರುವುದು ಮುಖ್ಯ. ಬೆಲೆ ಕುಸಿದಾಗ ಕೊಯ್ಯದೆ ಬಿಟ್ಟ ಟೊಮೇಟೊ ಹೊಲ ಇಡೀ ಊರಿಗೆ ಹುಳುವಿನ ತವರಾಗುತ್ತದೆ.

ಗುಲಾಬಿಯ ನುಸಿ

ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹೊಸೂರಿನ ತಂಪು ಹವೆ ಗುಲಾಬಿಗೆ ಒಗ್ಗಿದೆ. ಪ್ರೇಮಿಗಳ ದಿನಕ್ಕೆ ಇಲ್ಲಿಂದ ಹೂ ಹೊರದೇಶಗಳಿಗೂ ಹೋಗುತ್ತದೆ. ಪಾಲಿಹೌಸಿನ ಬಿಸಿ, ಒಣ ಗಾಳಿಯಲ್ಲಿ ಕೆಂಪು ನುಸಿ ಬೇಗ ಹೆಚ್ಚುತ್ತದೆ. ಪದೇಪದೇ ಒಂದೇ ಗುಂಪಿನ ಔಷಧ ಹೊಡೆದರೆ ನುಸಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ನುಸಿಯನ್ನು ತಿನ್ನುವ ಪರಭಕ್ಷಕ ನುಸಿಗಳು ಮಾತ್ರ ಸಾಯುತ್ತವೆ. ಎಲೆಯ ಅಡಿಭಾಗವನ್ನು ವಾರವಾರ ಭೂತಗನ್ನಡಿಯಲ್ಲಿ ನೋಡುವುದು, ನುಸಿ ಕಂಡ ಗಿಡಗಳಿಗಷ್ಟೇ ಸಿಂಪಡಿಸುವುದು, ಕೆಳಗಿನ ಹಳೆ ಎಲೆ ತೆಗೆಯುವುದು, ಎಲೆಯಡಿಗೆ ನೀರು ಚಿಮ್ಮಿಸುವುದು ಫಲ ಕೊಡುತ್ತವೆ. ಬಿಳಿ ನೊಣಕ್ಕೆ ಹಳದಿ, ಥ್ರಿಪ್ಸ್‌ಗೆ ನೀಲಿ ಅಂಟು ಹಾಳೆ ತೂಗುಹಾಕಬೇಕು.

ಅಜ್ಜಂದಿರ ಅಕ್ಕಡಿ ಸಾಲು

ಇವೆಲ್ಲ ಹೊಸದೇನಲ್ಲ. ತಳಿ, ಡೆಂಕಣಿಕೋಟೆ ಕಡೆಯ ಕನ್ನಡಿಗ ರೈತರು ರಾಗಿ ಹೊಲದಲ್ಲಿ ಅವರೆ, ಸಾಸಿವೆ, ಹುಚ್ಚೆಳ್ಳು, ಜೋಳವನ್ನು ಅಕ್ಕಡಿ ಸಾಲಾಗಿ ಬಿತ್ತುತ್ತಾ ಬಂದವರು. ಹುಚ್ಚೆಳ್ಳಿನ ಹಳದಿ ಹೂವು ಜೇನು, ಕಣಜಗಳನ್ನು ಕರೆಯುತ್ತದೆ. ಜೋಳದ ತೆನೆಯ ಮೇಲೆ ಕೂತ ಹಕ್ಕಿ ಅವರೆಯ ಹುಳುವನ್ನೂ ಹೆಕ್ಕುತ್ತದೆ. ಒಂದು ಬೆಳೆಗೆ ಹುಳು ಬಿದ್ದರೂ ಇನ್ನೊಂದು ಕೈ ಹಿಡಿಯುತ್ತದೆ. ಅಜ್ಜ ಅಜ್ಜಿಯರು ಅದಕ್ಕೆ ದೊಡ್ಡ ಹೆಸರಿಡಲಿಲ್ಲ, ಅಷ್ಟೆ.

ಬೇವಿನ ಕಷಾಯ ಮಾಡುವ ಬಗೆ

ಒಣಗಿದ ಬೇವಿನ ಬೀಜದ ತಿರುಳು 5 ಕಿಲೋ ಕುಟ್ಟಿ ಪುಡಿ ಮಾಡಿ, 10 ಲೀಟರ್ ನೀರಿನಲ್ಲಿ ಒಂದು ರಾತ್ರಿ ನೆನೆಸಬೇಕು. ಬೆಳಗ್ಗೆ ತೆಳು ಬಟ್ಟೆಯಲ್ಲಿ ಸೋಸಿ 100 ಲೀಟರಿಗೆ ನೀರು ಬೆರೆಸಬೇಕು. ಎಲೆಗೆ ಅಂಟಲು ಸ್ವಲ್ಪ ಸೋಪಿನ ದ್ರಾವಣ ಸೇರಿಸಿ, ಸಂಜೆ ಹೊತ್ತು ಹೊಡೆಯಬೇಕು. ಬಿಸಿಲಿಗೆ ಬೇವಿನ ಸತ್ವ ಬೇಗ ಕೆಡುವುದರಿಂದ ಕಷಾಯವನ್ನು ಅಂದೇ ಬಳಸಬೇಕು. ಇದು ಕೂಡಲೇ ಕೊಲ್ಲುವ ವಿಷವಲ್ಲ. ಹುಳುವಿನ ಹಸಿವನ್ನೂ ಬೆಳವಣಿಗೆಯನ್ನೂ ತಡೆಯುತ್ತದೆ. ಮರುದಿನ ಹುಳು ಸತ್ತು ಬಿದ್ದಿಲ್ಲವೆಂದು ನಿರಾಶರಾಗಬೇಕಿಲ್ಲ. ಆದರೆ ಬೇವು ಹುಳುವಿಗೆ ಹುಳುವೆಂದೇ ನೋಡುತ್ತದೆ: ಹಿಪ್ಪುನೇರಳೆ ಪಕ್ಕದಲ್ಲಿದ್ದರೆ ಅದನ್ನೂ ಎಚ್ಚರಿಕೆಯಿಂದಲೇ ಹೊಡೆಯಬೇಕು.

ಹೊಡೆಯಲೇಬೇಕಾದಾಗ

ಕೀಟನಾಶಕದ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ ಕೊಳ್ಳಬೇಕು. ಕೆಂಪು ಅತ್ಯಂತ ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹೊಡೆದ ಮೇಲೆ ಎಷ್ಟು ದಿನ ಕೊಯ್ಲು ಮಾಡಬಾರದೆಂಬುದನ್ನು ಪಾಲಿಸಬೇಕು. ಎರಡು ಮೂರು ಔಷಧಗಳನ್ನು ಒಟ್ಟಿಗೆ ಕಲಸಬಾರದು. ಗಾಳಿ ಬೀಸುವಾಗ ಹೊಡೆಯಬಾರದು. ಮೂಗು, ಬಾಯಿ, ಕೈ ಮುಚ್ಚಿರಬೇಕು. ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಹಿಂದಿನ ದಿನವೇ ತಿಳಿಸಬೇಕು. ಆಗ ಅವರು ಸೊಪ್ಪು ಮೊದಲೇ ಕೊಯ್ದಿಟ್ಟುಕೊಳ್ಳಬಹುದು.

ಹಳೆಯ ದಾಸ್ತಾನಿನ ಬಗ್ಗೆಯೂ ಎಚ್ಚರ ಬೇಕು. ಫೋರೇಟ್ ಗುಳಿಗೆ, ಡೈಕ್ಲೋರ್‌ವಾಸ್, ಟ್ರೈಜೋಫಾಸ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಗೊಂಡಿವೆ. ಮೊನೊಕ್ರೊಟೊಫಾಸ್ ಸೇರಿದಂತೆ ಆರು ಕೀಟನಾಶಕಗಳನ್ನು, ಆತ್ಮಹತ್ಯೆಗೆ ಬಳಕೆಯಾಗುತ್ತಿವೆ ಎಂಬ ಕಾರಣಕ್ಕೆ, ತಮಿಳುನಾಡು ಸರ್ಕಾರ 2023ರಲ್ಲಿ 60 ದಿನ ತಡೆಹಿಡಿದಿತ್ತು.

ವಿಷ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇನ್ನೊಂದು ಗಡಿನಾಡಾದ ಕಾಸರಗೋಡೇ ಸಾಕ್ಷಿ. ಅಲ್ಲಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯ ಪಡ್ರೆಯಂಥ ಕನ್ನಡದ ಹಳ್ಳಿಗಳ ಮನೆಮನೆಯಲ್ಲಿ ಅದರ ನೋವಿನ ಕಥೆಯಿದೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶಾದ್ಯಂತ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು.

ತೊಡಕುಗಳೇನು?

ಇಷ್ಟೆಲ್ಲ ಗೊತ್ತಿದ್ದರೂ ವಿಷದ ಬಳಕೆ ಏಕೆ ಇಳಿಯುತ್ತಿಲ್ಲ? ಔಷಧದ ಅಂಗಡಿ ಸಾಲ ಕೊಡುತ್ತದೆ, ಜೊತೆಗೆ ಸಲಹೆಯನ್ನೂ ಕೊಡುತ್ತದೆ. ಮಿತ್ರ ಕೀಟಗಳಿಗೆ ಅಂಗಡಿಯಿಲ್ಲ. ಟ್ರೈಕೊ ಕಾರ್ಡು ಬೇಕೆಂದಾಗ ಸಿಗುವುದಿಲ್ಲ, ಸಿಕ್ಕರೂ ಕೆಲವೇ ದಿನಗಳಲ್ಲಿ ಬಳಸಬೇಕು. ಮಂಡಿಯಲ್ಲಿ ಒಂದು ಚುಕ್ಕೆ ಇದ್ದ ಹಣ್ಣಿಗೂ ಬೆಲೆ ಇಳಿಸುತ್ತಾರೆ. ಭಾಷೆಯ ತೊಡಕೂ ಇದೆ. ಮನೆಯಲ್ಲಿ ಕನ್ನಡ ಅಥವಾ ತೆಲುಗು ಆಡುವ ರೈತನಿಗೆ ಕರಪತ್ರ ತಮಿಳಿನಲ್ಲಿ, ಡಬ್ಬಿಯ ಸಣ್ಣಕ್ಷರ ಇಂಗ್ಲಿಷಿನಲ್ಲಿ.

ಆದರೆ ಗಡಿಯ ರೈತನಿಗೆ ಒಂದು ಅನುಕೂಲವೂ ಇದೆ. ಒಂದು ಕಡೆ ಕಾವೇರಿಪಟ್ಟಣದ ಬಳಿ ಪೈಯೂರಿನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರ, ಇನ್ನೊಂದು ಕಡೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಹೆಸರಘಟ್ಟ, ಹೆಬ್ಬಾಳ. ಎರಡೂ ಕಡೆಯ ತಿಳಿವಳಿಕೆ ಅವನ ಕೈಗೆಟುಕುವ ದೂರದಲ್ಲಿದೆ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಪ್ರಾದೇಶಿಕ ಭಾಷೆಗಳಲ್ಲಿ ಸಲಹೆ ಕೇಳಬಹುದು. ಕೇಳುವ ಮೊದಲು ಹುಳುವನ್ನು, ಅದು ಮಾಡಿದ ಗಾಯವನ್ನು ಸರಿಯಾಗಿ ನೋಡಿಟ್ಟುಕೊಂಡಿರಬೇಕು.

ವಾರಕ್ಕೊಮ್ಮೆ ಬೆಳಗ್ಗೆ ಹೊಲದ ಐದು ಕಡೆ ನಿಂತು, ಐದೈದು ಗಿಡಗಳ ಎಲೆ ತಿರುವಿ, ಎಷ್ಟು ಹುಳು, ಎಷ್ಟು ಮಿತ್ರ ಕೀಟ ಎಂದು ಎಣಿಸಿ ಬರೆದಿಡುವ ರೈತ ಅರ್ಧ ಗೆದ್ದಂತೆ. ಅದಕ್ಕೆ ಬೇಕಾದದ್ದು ಒಂದು ಗಂಟೆ ಸಮಯ, ಒಂದು ನೋಟ್ ಪುಸ್ತಕ. ಉಳಿದರ್ಧ ಪಕ್ಕದ ಹೊಲದವರ ಕೈಯಲ್ಲಿದೆ. ಹುಳುವಿಗೆ ಬದುವಿನ ಗೊಡವೆಯಿಲ್ಲದ ಕಾರಣ ಅದನ್ನು ತಡೆಯುವ ಕೆಲಸವೂ ಬದು ದಾಟಿ, ಊರೊಟ್ಟಾಗಿ ನಡೆಯಬೇಕು.